ಡೂಮ್ ಮುಖವಾಡದ ಹಿಂದೆ ಟೋನಿ ಇದ್ದಾನಾ?

ಮುಂದೆ ಬರಲಿರುವ ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಿನಿಮಾದ ಸುತ್ತ ಇದ್ದವು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಸರ್, ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ಐರನ್ ಮ್ಯಾನ್, ಅಂದ್ರೆ ಟೋನಿ ಸ್ಟಾರ್ಕ್ ಸತ್ತೇ ಹೋದ. ನಾವೆಲ್ಲ ಅತ್ತಿದ್ದೂ ಆಯ್ತು. ಈಗ ಅದೇ ನಟ ‘ಅವೆಂಜರ್ಸ್: ಡೂಮ್ಸ್‌ಡೇ’ಯಲ್ಲಿ ಡಾಕ್ಟರ್ ಡೂಮ್ ಅನ್ನೋ ವಿಲನ್ ಆಗಿ ಬರ್ತಿದ್ದಾರೆ. ಆ ಡೂಮ್ ಅಂದ್ರೆ ಟೋನಿ ಸ್ಟಾರ್ಕೇನಾ?
(ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಈ ಸಿನಿಮಾ ಮಾಡುತ್ತಿರುವ ಮಾರ್ವೆಲ್ ಸ್ಟುಡಿಯೋ ಈ ಗುಟ್ಟು ಬಿಟ್ಟುಕೊಟ್ಟಿಲ್ಲ. 2024ರ ಜುಲೈನಲ್ಲಿ ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಸ್ಯಾನ್ ಡಿಯಾಗೊ ಕಾಮಿಕ್-ಕಾನ್ ವೇದಿಕೆಯ ಮೇಲೆ ಹಸಿರು ನಿಲುವಂಗಿ, ಲೋಹದ ಮುಖವಾಡ ತೊಟ್ಟವರ ಸಾಲೇ ನಿಂತಿತ್ತು. ಅವರಲ್ಲಿ ಒಬ್ಬ ಮುಂದೆ ಬಂದು ಮುಖವಾಡ ತೆಗೆದ. ನೋಡಿದರೆ ರಾಬರ್ಟ್ ಡೌನಿ ಜೂನಿಯರ್! ಮುಖವಾಡ ಹೊಸದು, ಕೆಲಸ ಹಳೆಯದೇ ಎಂಬರ್ಥದ ಒಂದು ಮಾತು ಹೇಳಿದರು. ಅವತ್ತಿನಿಂದ ಅಭಿಮಾನಿಗಳು ಆ ಒಂದು ಸಾಲನ್ನು ಹಿಂಜುತ್ತಲೇ ಇದ್ದಾರೆ.

ನನ್ನನ್ನು ಕೇಳಿದರೆ, ಡೂಮ್ ಅಂದರೆ ಕೆಟ್ಟುಹೋದ ಟೋನಿ ಅಂತ ಮಾಡಿಬಿಟ್ಟರೆ ಒಂದು ಒಳ್ಳೆಯ ವಿಲನ್ ಕೈತಪ್ಪಿದ ಹಾಗೆ. ಡೂಮ್‌ಗೆ ಅವನದೇ ಕಥೆ ಇದೆ. ಅದೂ ನಿಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಬೇಗ ಅರ್ಥವಾಗುವ ಕಥೆ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಫೆಂಟಾಸ್ಟಿಕ್ ಫೋರ್ ಕಾಮಿಕ್ಸ್‌ನ ಐದನೇ ಸಂಚಿಕೆಯಲ್ಲಿ ಅವನನ್ನು ತಂದರು. ಕಾಮಿಕ್ಸ್‌ನಲ್ಲಿ ಹೇಳುವಂತೆ, ವಿಕ್ಟರ್ (ಡೂಮ್‌ನ ಹೆಸರು) ಕಾಲೇಜಿನಲ್ಲಿ ಒಂದು ಯಂತ್ರ ಕಟ್ಟುತ್ತಿರುತ್ತಾನೆ. ಜೊತೆಗೆ ಓದುವ, ಮುಂದೆ ಫೆಂಟಾಸ್ಟಿಕ್ ಫೋರ್ ತಂಡದ ನಾಯಕನಾಗುವ ರೀಡ್ ರಿಚರ್ಡ್ಸ್ ಅವನ ಹಾಳೆಗಳ ಮೇಲೆ ಕಣ್ಣು ಹಾಯಿಸಿ, ಲೆಕ್ಕ ತಪ್ಪಿದೆ, ಸರಿ ಮಾಡಿಕೋ ಎನ್ನುತ್ತಾನೆ. ವಿಕ್ಟರ್‌ಗೆ ಉರಿದುಹೋಗುತ್ತದೆ. ನನ್ನ ಲೆಕ್ಕ ನೋಡೋಕೆ ಇವನ್ಯಾರು? ಯಂತ್ರ ಚಾಲೂ ಮಾಡುತ್ತಾನೆ, ಅದು ಸಿಡಿಯುತ್ತದೆ, ಮುಖ ಕೆಡುತ್ತದೆ. ತಪ್ಪು ಯಾರದು? ರೀಡ್‌ನದಂತೆ! ಲ್ಯಾಬಿನಲ್ಲಿ ಪಕ್ಕದವನು ತಪ್ಪು ತೋರಿಸಿದಾಗ ನಮಗೂ ಒಂದು ಕ್ಷಣ ಹಾಗೇ ಆಗುತ್ತೆ, ಅಲ್ವಾ? ನಾವು ಮರೆಯುತ್ತೇವೆ. ಅವನು ಮರೆಯಲಿಲ್ಲ. ಲಟ್ವೇರಿಯಾ ಅನ್ನುವ ಪುಟ್ಟ ದೇಶದ ರಾಜನಾದ, ವಿಜ್ಞಾನದ ಜೊತೆ ಮಾಟಮಂತ್ರವನ್ನೂ ಕಲಿತ, ಆದರೆ ಕಾಲೇಜಿನ ಆ ಸಿಟ್ಟು ಇಳಿಯಲೇ ಇಲ್ಲ. ಈ ಸಣ್ಣತನ ತೆರೆಗೆ ಬಂದರೆ ಸಿನಿಮಾ ಗೆದ್ದ ಹಾಗೆ.

ಹಾಗಾದರೆ ಡೌನಿ ಯಾಕೆ? ಇದಕ್ಕೆ ಉತ್ತರ ದುಡ್ಡಿನ ಲೆಕ್ಕದಲ್ಲಿದೆ. 2019ರ ಎಂಡ್‌ಗೇಮ್ ಗಳಿಸಿದ್ದು ಸುಮಾರು 280 ಕೋಟಿ ಡಾಲರ್. 2023ರ ‘ದಿ ಮಾರ್ವೆಲ್ಸ್’ ಸುಮಾರು 20 ಕೋಟಿ ಡಾಲರ್‌ಗೆ ಸುಸ್ತಾಯಿತು. ಡೂಮ್ಸ್‌ಡೇ ಬದಲು ಮೊದಲು ಮಾಡಬೇಕಿದ್ದದ್ದು ಕಾಂಗ್ ಎಂಬ ಬೇರೆ ವಿಲನ್‌ನ ಸಿನಿಮಾ. ಆ ಪಾತ್ರದ ನಟನನ್ನು 2023ರ ಕೊನೆಯಲ್ಲಿ ಕೈಬಿಡಬೇಕಾಯಿತು. ಆಗ ಮಾರ್ವೆಲ್‌ಗೆ ಹಳೇ ಗಂಡನ ಪಾದವೇ ಗತಿಯಾಯಿತು. ಎಂಡ್‌ಗೇಮ್ ಮಾಡಿದ ರೂಸೊ ಸಹೋದರರು ವಾಪಸ್, ಡೌನಿ ವಾಪಸ್, ಕ್ಯಾಪ್ಟನ್ ಅಮೆರಿಕಾ ಆಗಿದ್ದ ಕ್ರಿಸ್ ಇವಾನ್ಸ್ ಕೂಡ ವಾಪಸ್. 2025ರ ಮಾರ್ಚ್‌ನಲ್ಲಿ ನಟರ ಹೆಸರು ಬರೆದ ಕುರ್ಚಿಗಳನ್ನು ಒಂದೊಂದಾಗಿ ಐದು ಗಂಟೆಗೂ ಹೆಚ್ಚು ಹೊತ್ತು ಲೈವ್ ತೋರಿಸಿದರು. ಬರೀ ಕುರ್ಚಿ! ಜನ ಅದನ್ನೂ ನೋಡಿದರು. ನಾನೂ ಒಂದಷ್ಟು ಹೊತ್ತು ನೋಡಿದೆ, ಸುಳ್ಳು ಯಾಕೆ ಹೇಳಲಿ.

ಆ ಕುರ್ಚಿಗಳ ಮೇಲೆ ಪ್ಯಾಟ್ರಿಕ್ ಸ್ಟೀವರ್ಟ್, ಇಯಾನ್ ಮೆಕೆಲೆನ್ ಹೆಸರೂ ಇದ್ದವು. 2000ದ ಮೊದಲ ಎಕ್ಸ್-ಮೆನ್ ಸಿನಿಮಾದ ಮುಖಗಳು. ಕಾಮಿಕ್ಸ್‌ನಲ್ಲಿ ಎರಡು ಲೋಕಗಳ ಭೂಮಿಗಳು ಒಂದಕ್ಕೊಂದು ಬಂದು ಅಪ್ಪಳಿಸುವ ಕಥೆ ಇದೆ. ಒಂದು ಉಳಿಯಬೇಕಾದರೆ ಇನ್ನೊಂದು ಹೋಗಬೇಕು. ಈ ಕಥೆ ಆ ದಾರಿ ಹಿಡಿದರೆ ಒಳ್ಳೆಯವರೇ ಒಳ್ಳೆಯವರ ಮೇಲೆ ಕೈ ಎತ್ತಬೇಕಾಗುತ್ತದೆ. ನಾನು ಕಾಯುತ್ತಿರುವುದು ಅದಕ್ಕೆ. ಹಳೆ ಮುಖ ಕಂಡಾಗಲೆಲ್ಲ ಶಿಳ್ಳೆ ಹಾಕಿಸುವ ಜಾತ್ರೆ ಮಾತ್ರ ಆದರೆ, ಶಿಳ್ಳೆ ಹಾಕಿ ಮನೆಗೆ ಬರುವುದು, ಅಷ್ಟೇ.

ಪ್ರಶ್ನೆ: ಡೂಮ್ಸ್‌ಡೇ ನೋಡೋಕೆ ಮುಂಚೆ ಮಾರ್ವೆಲ್‌ನ ಎಲ್ಲಾ ಸಿನಿಮಾ ನೋಡಲೇಬೇಕಾ? ನನಗೆ ರಜೆ ಅಂತ ಸಿಗೋದು ಭಾನುವಾರ ಮಾತ್ರ.
(ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ಬೇಡವೇ ಬೇಡ ಮೇಡಂ. 2025ರ ‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಈ ಸರಣಿಯ 37ನೇ ಸಿನಿಮಾ. ಜೊತೆಗೆ ವೆಬ್ ಸರಣಿಗಳು ಬೇರೆ. ಅಷ್ಟನ್ನೂ ನೋಡಿ ಮುಗಿಸುವಷ್ಟರಲ್ಲಿ ನಿಮಗೆ ಪ್ರಮೋಷನ್ ಬಂದಿರುತ್ತದೆ. ನಾಲ್ಕು ಭಾನುವಾರ ಸಾಕು. ಇನ್ಫಿನಿಟಿ ವಾರ್, ಎಂಡ್‌ಗೇಮ್, ‘ಲೋಕಿ’ ಸರಣಿಯ ಎರಡು ಸೀಸನ್, ಕೊನೆಗೆ ಫಸ್ಟ್ ಸ್ಟೆಪ್ಸ್. ಲೋಕಿಯನ್ನು ಬಿಡಬೇಡಿ. ಒಂದಲ್ಲ, ಹಲವು ಲೋಕಗಳಿವೆ ಅನ್ನುವ ಬಹುಲೋಕದ ಗೋಜಲು ಅರ್ಥವಾಗುವುದು ಅಲ್ಲೇ. ಫಸ್ಟ್ ಸ್ಟೆಪ್ಸ್‌ನಲ್ಲಿ ಹೆಸರುಗಳು ಶುರುವಾದ ತಕ್ಷಣ ಎದ್ದು ಹೋಗಬೇಡಿ. ಮಗುವಿನ ಮುಂದೆ ಹಸಿರು ನಿಲುವಂಗಿಯವನೊಬ್ಬ ಕೂತಿರುತ್ತಾನೆ, ಕೈಯಲ್ಲಿ ಮುಖವಾಡ. ಅವನಿಗಾಗಿಯೇ ಈ ಹೊಸ ಸಿನಿಮಾ.

ಪ್ರಶ್ನೆ: ಡಿಸೆಂಬರ್ 18ಕ್ಕೆ ಈಗಲೇ ರಜೆ ಹಾಕಬಹುದಾ? ತಾರೀಕು ಮತ್ತೆ ಬದಲಾಗುತ್ತಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಡೂಮ್ಸ್‌ಡೇ ಮೊದಲು 2026ರ ಮೇ 1ಕ್ಕೆ ಇತ್ತು. ಈಗಿನ ತಾರೀಕು 2026ರ ಡಿಸೆಂಬರ್ 18. ಅದರ ಮುಂದಿನ ಭಾಗ ‘ಸೀಕ್ರೆಟ್ ವಾರ್ಸ್’ 2027ರ ಡಿಸೆಂಬರ್ 17ಕ್ಕೆ. ಬ್ಯಾಟ್‌ಮ್ಯಾನ್ ಎರಡನೇ ಭಾಗದ ಕಥೆ ಇನ್ನೂ ಚೆಂದ: ಮೊದಲು 2025ರ ಅಕ್ಟೋಬರ್, ಆಮೇಲೆ 2026ರ ಅಕ್ಟೋಬರ್, ಈಗ 2027ರ ಅಕ್ಟೋಬರ್ 1. ತಿಂಗಳು ಮಾತ್ರ ಪಕ್ಕಾ! ಸ್ಪೈಡರ್-ವರ್ಸ್ ಅನಿಮೇಷನ್‌ನ ಮೂರನೇ ಭಾಗ 2024ರ ಮಾರ್ಚ್‌ನಲ್ಲಿ ಬರಬೇಕಿತ್ತು, 2027ಕ್ಕೆ ಹೋಗಿ ಕೂತಿದೆ. ಇದಕ್ಕೆಲ್ಲ 2023ರಲ್ಲಿ ಹಾಲಿವುಡ್ ಬರಹಗಾರರು, ನಟರು ಮಾಡಿದ ಮುಷ್ಕರ ಒಂದು ಕಾರಣ. ಕಥೆ ಮುಗಿಯದಿರುವುದು ಇನ್ನೊಂದು. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ಗಳ ಡಿಸಿ ಸ್ಟುಡಿಯೋದ ಉಸ್ತುವಾರಿ ಹೊತ್ತ ಜೇಮ್ಸ್ ಗನ್, ಸ್ಕ್ರಿಪ್ಟ್ ಪೂರ್ತಿಯಾಗದೆ ಕ್ಯಾಮೆರಾ ತೆಗೆಯುವುದಿಲ್ಲ ಎಂಬ ಪಟ್ಟು ಹಿಡಿದಿದ್ದಾರೆ. ತಡವಾದರೂ ನನಗೆ ಅದೇ ಸರಿ ಅನಿಸುತ್ತದೆ.

ಇನ್ನೊಂದು ವಿಷಯ. ಡಿಸೆಂಬರ್ 18ಕ್ಕೇ ‘ಡ್ಯೂನ್’ ಮೂರನೇ ಭಾಗವೂ ಇದೆ. ಅದು ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಸಿನಿಮಾ, ಆ ದೊಡ್ಡ ಪರದೆಗಳಲ್ಲಿ ಮೊದಲ ಮಣೆ ಅದಕ್ಕೇ. ಐಮ್ಯಾಕ್ಸ್‌ನಲ್ಲೇ ಡೂಮ್ ನೋಡಬೇಕು ಅಂತ ಹಟ ಇದ್ದರೆ ಥಿಯೇಟರ್ ಪಟ್ಟಿ ಬರುವವರೆಗೂ ಸುಮ್ನಿರಿ. ರಜೆ ಚೀಟಿ ಬರೆದಿಡಿ, ತಾರೀಕು ಪೆನ್ಸಿಲ್‌ನಲ್ಲಿ ಬರೆಯಿರಿ.

ಪ್ರಶ್ನೆ: ಬ್ಲೇಡ್ ಏನಾಯ್ತು?
(ಬಳ್ಳಾರಿ)

ಉತ್ತರ: ರಕ್ತಪಿಶಾಚಿಗಳ ಬೇಟೆಗಾರನ ಆ ಮಾರ್ವೆಲ್ ಸಿನಿಮಾ 2019ರಲ್ಲಿ ಘೋಷಣೆಯಾಯಿತು. 2024ರಲ್ಲಿ ಕ್ಯಾಲೆಂಡರ್‌ನಿಂದಲೇ ತೆಗೆದರು. ಕಾಯಬೇಡಿ.

ಪ್ರಶ್ನೆ: ಸ್ಪೈಡರ್‌ಮ್ಯಾನ್ ನನ್ನ ಫೇವರಿಟ್. ‘ಬ್ರ್ಯಾಂಡ್ ನ್ಯೂ ಡೇ’ಯಲ್ಲಿ ಎಂಜೆಗೆ ತನ್ನ ಹುಡುಗ ಪೀಟರ್ (ಅದೇ, ಸ್ಪೈಡರ್‌ಮ್ಯಾನ್) ನೆನಪಾಗುತ್ತಾನಾ?
(ಪಿಯುಸಿ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ನೆನಪಾದರೆ ನಿಮ್ಮಷ್ಟೇ ಖುಷಿ ನನಗೂ. ಆದರೆ ಬೇಗ ನೆನಪಾಗದಿರಲಿ ಅಂತ ಒಳಗೊಳಗೇ ಆಸೆ. ಹಿಂದಿನ ಸಿನಿಮಾ ‘ನೋ ವೇ ಹೋಮ್’ನ ಕೊನೆಯ ದೃಶ್ಯ ನೆನಪಿದೆಯಾ? ಇಡೀ ಲೋಕ ಪೀಟರ್‌ನನ್ನು ಮರೆತಿದೆ. ಒಂದು ಚಿಕ್ಕ ಬಾಡಿಗೆ ರೂಮು. ಟೋನಿ ಕೊಟ್ಟ ಕೋಟಿ ಬೆಲೆಯ ಸೂಟ್ ಇಲ್ಲ. ಮೇಜಿನ ಮೇಲೆ ಒಂದು ಹೊಲಿಗೆ ಮಷಿನ್. ಹುಡುಗ ತಾನೇ ಕೂತು ಕೆಂಪು ನೀಲಿ ಬಟ್ಟೆ ಹೊಲಿದುಕೊಂಡು, ಕಿಟಕಿಯಿಂದ ಹಿಮದೊಳಕ್ಕೆ ಜಿಗಿಯುತ್ತಾನೆ. ಆಕಾಶದಿಂದ ಏಲಿಯನ್ ಇಳಿಯದೆಯೇ ಎದೆ ಹಿಡಿದಂತಾಗಿತ್ತು. ಹೊಸ ಸಿನಿಮಾ ಶುರುವಾಗುವುದು ಆ ರೂಮಿನ ಒಂಟಿತನದಿಂದ, ಕೆಲವು ವರ್ಷಗಳ ನಂತರ.

ಬಿಡುಗಡೆ 2026ರ ಜುಲೈ 31ಕ್ಕೆ. ನಿರ್ದೇಶಕ ಡೆಸ್ಟಿನ್ ಡೇನಿಯಲ್ ಕ್ರೆಟನ್. ಸ್ಕಾಟ್ಲೆಂಡಿನ ಗ್ಲಾಸ್ಗೋ ಬೀದಿಗಳನ್ನು ನ್ಯೂಯಾರ್ಕ್ ಮಾಡಿಕೊಂಡು, ಹಾಡಹಗಲೇ ಜನರ ಕಣ್ಣೆದುರು ಫೈಟ್ ಚಿತ್ರೀಕರಿಸಿದ್ದಾರೆ. ಗ್ರೀನ್ ಮ್ಯಾಟ್ ಮುಂದೆ ನಿಂತು ತೆಗೆದ ಫೈಟುಗಳನ್ನು ನೋಡಿ ಸುಸ್ತಾದವರಿಗೆ ಇದು ಒಳ್ಳೆಯ ಸುದ್ದಿ. ಎಂಜೆಯಾಗಿ ಜೆಂಡಯಾ ಇದ್ದಾರೆ. ಮಾರ್ವೆಲ್‌ನ ಬೇರೆ ಪಾತ್ರಗಳಾದ ಪನಿಶರ್, ಹಲ್ಕ್ ಕೂಡ ಇದ್ದಾರೆ. ಅವರೆಲ್ಲ ಸೇರಿ ಆ ಹೊಲಿಗೆ ಮಷಿನ್ ಹುಡುಗನನ್ನು ಮೂಲೆಗೆ ತಳ್ಳದಿದ್ದರೆ ಸಾಕು.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಸೂಪರ್‌ಮ್ಯಾನ್‌ನ ನಾಯಿ ಅಂದ್ರೆ ಪ್ರಾಣ. ‘ಸೂಪರ್‌ಗರ್ಲ್’ಗೆ ಕರ್ಕೊಂಡು ಹೋಗಬಹುದಾ?
(ಗೃಹಿಣಿ, ಶಿವಮೊಗ್ಗ)

ಉತ್ತರ: ಸ್ವಲ್ಪ ತಡೀರಿ ಅಮ್ಮ. 2026ರ ಜೂನ್ 26ಕ್ಕೆ ಬರುವ ಈ ಸಿನಿಮಾದಲ್ಲಿ ಆ ನಾಯಿ ಕ್ರಿಪ್ಟೊ ಇದ್ದಾನೆ ನಿಜ. ಆದರೆ ಇದಕ್ಕೆ ಆಧಾರವಾದ ಕಾಮಿಕ್ಸ್ ಮಕ್ಕಳ ಕಥೆಯಲ್ಲ. ಅಪ್ಪನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ಒಬ್ಬಳು ಹುಡುಗಿ, ಅವಳ ಜೊತೆ ಸೂಪರ್‌ಗರ್ಲ್. ಇವಳು ಸೂಪರ್‌ಮ್ಯಾನ್ ಥರ ಹಳ್ಳಿಮನೆಯಲ್ಲಿ ಮುದ್ದಾಗಿ ಬೆಳೆದವಳಲ್ಲ. ತನ್ನವರು ಸಾಯುವುದನ್ನು ಕಣ್ಣಾರೆ ಕಂಡವಳು. ಕಾಮಿಕ್ಸ್‌ನಲ್ಲಿ ತನ್ನ 21ನೇ ಹುಟ್ಟುಹಬ್ಬಕ್ಕೆ ಕೆಂಪು ಸೂರ್ಯನಿರುವ ಗ್ರಹ ಹುಡುಕಿಕೊಂಡು ಹೋಗುತ್ತಾಳೆ. ಯಾಕೆಂದರೆ ನಮ್ಮ ಹಳದಿ ಸೂರ್ಯನ ಕೆಳಗೆ ಅವಳಿಗೆ ಎಷ್ಟು ಕುಡಿದರೂ ಅಮಲೇ ಏರುವುದಿಲ್ಲ!

ಹಾಗಾಗಿ ಸರ್ಟಿಫಿಕೇಟ್ ನೋಡಿ. ಮೊದಲಿದ್ದ ಒಂದೇ ಯುಎ ಈಗ ಮೂರಾಗಿದೆ: 7+, 13+, 16+. ನಮ್ಮ ಸೆನ್ಸಾರ್‌ನವರು 2025ರ ಸೂಪರ್‌ಮ್ಯಾನ್‌ನ 33 ಸೆಕೆಂಡಿನ ಮುತ್ತಿಗೆ ಕತ್ತರಿ ಹಾಕಿ, 13+ ಕೊಟ್ಟು, ಹೊಡೆದಾಟವನ್ನು ಹಾಗೇ ಬಿಟ್ಟವರು. ಆದ್ದರಿಂದ ಸರ್ಟಿಫಿಕೇಟ್ ಜೊತೆಗೆ ಮೊದಲ ದಿನ ನೋಡಿ ಬಂದವರನ್ನೂ ಒಂದು ಮಾತು ಕೇಳಿ. ಹಾಂ, 2026ರಲ್ಲೇ ಬರಲಿರುವ ಡಿಸಿಯ ‘ಕ್ಲೇಫೇಸ್’ ಹತ್ತಿರ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಮುಖ ಕೆಟ್ಟ ನಟನೊಬ್ಬ ಜೇಡಿಮಣ್ಣಿನ ರಾಕ್ಷಸನಾಗುವ ಅಪ್ಪಟ ಹಾರರ್ ಅದು. ದೊಡ್ಡವರು ನೋಡಿ. ನನಗಂತೂ ಡಿಸಿ ಪಟ್ಟಿಯಲ್ಲಿ ಕುತೂಹಲ ಹುಟ್ಟಿಸಿರುವುದು ಅದೇ.

ಪ್ರಶ್ನೆ: ಇವೆಲ್ಲ ಕನ್ನಡದಲ್ಲಿ ಬರುತ್ತವಾ? ಅದಿರಲಿ, ನಮ್ಮವರು ಸೂಪರ್‌ಹೀರೋ ಆಗೋದು ಯಾವಾಗ?
(ಮೊಬೈಲ್ ಅಂಗಡಿ ಮಾಲೀಕ, ಕುಂದಾಪುರ)

ಉತ್ತರ: ಎರಡನೇ ಪ್ರಶ್ನೆಯನ್ನು ಕುಂದಾಪುರದವರೇ ಕೇಳಿದರೆ ಹೇಗೆ ಮಾರಾಯ್ರೆ? ತೇಜ ಸಜ್ಜಾ ನಟಿಸಿದ ತೆಲುಗಿನ ‘ಹನುಮಾನ್’ 2024ರ ಸಂಕ್ರಾಂತಿಗೆ ಬಂದು ಗೆದ್ದಿತಲ್ಲ, ಅದರ ಮುಂದಿನ ಭಾಗ ‘ಜೈ ಹನುಮಾನ್’ನಲ್ಲಿ ಆಂಜನೇಯ ಆಗುತ್ತಿರುವುದು ನಿಮ್ಮ ರಿಷಬ್ ಶೆಟ್ಟಿ. ಅದೇ ಪ್ರಶಾಂತ್ ವರ್ಮಾ ಬಳಗದ ‘ಮಹಾಕಾಳಿ’ಗೆ ನಾಯಕಿ ಭೂಮಿ ಶೆಟ್ಟಿ. ಅವರೂ ನಿಮ್ಮ ಕಡೆಯವರೇ. ಇನ್ನೇನು ಬೇಕು? ಆದರೆ ಎರಡೂ ತೆಲುಗು ನೆಲದ ಸಿನಿಮಾ ಅನ್ನುವ ಕೊರಗು ನನಗೂ ಇದೆ.

ಕೊರಗು ಜಾಸ್ತಿಯಾಗಿದ್ದು 2025ರ ಆಗಸ್ಟ್‌ನಲ್ಲಿ ಮಲಯಾಳದ ‘ಲೋಕಾ’ ನೋಡಿದಾಗ. ಕೇರಳದ ಯಕ್ಷಿಯ ಕಥೆ, ಆದರೆ ನಡೆಯುವುದು ಬೆಂಗಳೂರಿನಲ್ಲಿ. ನೂರಾರು ವರ್ಷ ಬದುಕಿದ ಯಕ್ಷಿ ಬ್ಯಾಗು ಹಿಡಿದು ನಮ್ಮೂರಿಗೆ ಬಂದು, ಎಲ್ಲರ ಥರ ಬಾಡಿಗೆ ಮನೆ ಸೇರುತ್ತಾಳೆ. ಸುಮಾರು 30 ಕೋಟಿ ರೂಪಾಯಿಯ ಸಿನಿಮಾ, 300 ಕೋಟಿ ದಾಟಿತು. ಬೆಂಗಳೂರಿನ ಹುಡುಗಿಯರ ಬಗ್ಗೆ ಅದರಲ್ಲಿದ್ದ ಒಂದು ಸಂಭಾಷಣೆಗೆ ಇಲ್ಲಿ ಗಲಾಟೆಯಾಗಿ, ತಯಾರಕರು ಕ್ಷಮೆ ಕೇಳಿ ತೆಗೆದರು. ಅದು ಸರಿ. ಆದರೆ ನಮ್ಮ ಬೀದಿಯಲ್ಲಿ ಯಕ್ಷಿ ಓಡಾಡಬಹುದು ಅಂತ ನಮಗೇ ಯಾಕೆ ಹೊಳೆಯಲಿಲ್ಲ? ನಮ್ಮಲ್ಲೇನು ಭೂತ, ಚೌಡಿ, ಮೋಹಿನಿಗೆ ಬರವೇ? ಎರಡನೇ ಭಾಗ ಟೊವಿನೊ ಥಾಮಸ್ ಮಾಡುವ ಚಾತನ್ ಎಂಬ ಪಾತ್ರದ್ದು. ನನ್ನ ಪಟ್ಟಿಯಲ್ಲಿ ಅದು ಡೂಮ್ಸ್‌ಡೇಗಿಂತ ಒಂದು ಮೆಟ್ಟಿಲು ಮೇಲೇ ಇದೆ.

ಇನ್ನು ಡಬ್ಬಿಂಗ್. 2019ರಲ್ಲಿ ಎಂಡ್‌ಗೇಮ್ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಇಲ್ಲ. 2023ರಲ್ಲಿ ‘ಅಕ್ರಾಸ್ ದಿ ಸ್ಪೈಡರ್-ವರ್ಸ್’ ಇಂಗ್ಲಿಷ್ ಸೇರಿ ಹತ್ತು ಭಾಷೆಗಳಲ್ಲಿ ಬಂದಾಗ ಕನ್ನಡವೂ ಇತ್ತು. ಆದರೆ ಡಬ್ ಆದರೂ ಕನ್ನಡದ ಶೋ ಎಷ್ಟು ಥಿಯೇಟರಿನಲ್ಲಿ, ಎಷ್ಟು ಹೊತ್ತಿಗೆ ಹಾಕುತ್ತಾರೆ ಅನ್ನುವುದೇ ತಲೆನೋವು. ಟಿಕೆಟ್ ಬುಕ್ ಮಾಡುವಾಗ ಭಾಷೆಯ ಜಾಗದಲ್ಲಿ ಕನ್ನಡ ಕಂಡರೆ ಮೊದಲ ವಾರವೇ ಹೋಗಿ. ಎರಡನೇ ವಾರಕ್ಕೆ ಇರುತ್ತದೆ ಅನ್ನುವ ಭರವಸೆ ಇಲ್ಲ.

ಪ್ರಶ್ನೆ: ಹೆಸರುಗಳೆಲ್ಲ ಮುಗಿಯೋವರೆಗೂ ಕೂರಲೇಬೇಕಾ? ಮನೆಯವರು ಬೈತಾರೆ.
(ತುಮಕೂರು)

ಉತ್ತರ: ನನ್ನನ್ನೂ ಬೈಯುತ್ತಾರೆ. ಒಂದು ಥಿಯೇಟರಿನಲ್ಲಂತೂ ಕೊನೆಯ ತುಣುಕು ಬರುವ ಮುಂಚೆಯೇ ಲೈಟ್ ಹಾಕಿ ಪ್ರೊಜೆಕ್ಟರ್ ಆರಿಸಿಬಿಟ್ಟರು. ಉಳಿದಿದ್ದ ನಾವು ಏಳೆಂಟು ಜನ ಕೂಗಾಡಿದ್ದಕ್ಕೆ ಮತ್ತೆ ಹಾಕಿದರು. ಡೂಮ್ಸ್‌ಡೇಗೆ ಕೂತಿರಿ, ಒಂದು ವರ್ಷ ಬಿಟ್ಟು ಬರುವ ಸಿನಿಮಾದ ಎಳೆ ಅಲ್ಲಿ ಸಿಕ್ಕರೂ ಸಿಗಬಹುದು. ಡಿಸಿ ಸಿನಿಮಾಗಳಿಗೆ ಅಷ್ಟು ಗ್ಯಾರಂಟಿ ಕೊಡಲಾರೆ. 2025ರ ಸೂಪರ್‌ಮ್ಯಾನ್‌ನಲ್ಲಿ ಆ ಸಾವಿರಾರು ಹೆಸರುಗಳೆಲ್ಲ ಮೇಲೆ ಹೋಗುವವರೆಗೂ ಕಾದೆ. ಮುಂದಿನ ವಿಲನ್ ಬರುತ್ತಾನೆ ಅಂದುಕೊಂಡರೆ, ಸೀಳಿ ಮತ್ತೆ ಕೂಡಿಸಿದ ಕಟ್ಟಡವೊಂದರ ಮುಂದೆ ಸೂಪರ್‌ಮ್ಯಾನ್ ನಿಂತು, ಜೋಡಣೆ ಒಂಚೂರು ಸೊಟ್ಟಗಾಗಿದೆ ಅಂತ ಗೆಳೆಯನಿಗೆ ತೋರಿಸುತ್ತಾನೆ. ಗೆಳೆಯ ಮುನಿಸಿಕೊಂಡು ಹೊರಟುಹೋಗುತ್ತಾನೆ. ಅಷ್ಟೇ. ಪಕ್ಕದಲ್ಲಿ ಪೊರಕೆ ಹಿಡಿದು ಕಾಯುತ್ತಿದ್ದ ಹೆಂಗಸು, ‘ಮುಗೀತಾ ಸಾರ್?’ ಅಂದರು.