ಗಂಟೆ ಇರುವ ಬೆಳ್ಳಿ ಗೋಪುರದ ಜೋಡಿ ನೆಟ್ಟಗೆ ನಿಲ್ತಿಲ್ಲ ಅಂದವರಿಗೆ

ನಿಮ್ಮ ಮೇಣದಬತ್ತಿ ಸ್ಟ್ಯಾಂಡ್ ಜೋಡಿ ನಿಲ್ತಿಲ್ಲ, ತಳ ಮುರಿದಿರಬೇಕು, ಅಂಗಡಿಯವರು ಬೆಸುಗೆ ಹಾಕಿಸಿ ಅಂದರು ಅಂತ ಕೇಳಿದ್ದೀರಿ. ತಳ ಮುರಿದು ಹೋಗಿಲ್ಲ, ಅದಕ್ಕೆ ತಳವೇ ಇರೋದಿಲ್ಲ. ಗೋಪುರದ ಆಕಾರ, ಸುತ್ತ ಪುಟ್ಟ ಗಂಟೆ, ಕೆಳಗೆ ಟೊಳ್ಳು ಕೊಳವೆ, ಹೀಬ್ರೂ ಅಕ್ಷರ ಅಂತ ಬರೆದಿದ್ದೀರಲ್ಲ, ಅದು ಮೇಣದಬತ್ತಿ ಸ್ಟ್ಯಾಂಡ್ ಅಲ್ಲ, ಬಹುತೇಕ ರಿಮ್ಮೋನಿಮ್. ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗೆ ಎರಡು ಮರದ ಕೋಲು ಇರುತ್ತವೆ, ಅವುಗಳ ತುದಿಗೆ ಈ ಕೊಳವೆ ಕೂರುತ್ತದೆ. ಹೀಬ್ರೂವಿನಲ್ಲಿ ರಿಮ್ಮೋನ್ ಅಂದರೆ ದಾಳಿಂಬೆ, ರಿಮ್ಮೋನಿಮ್ ಅದರ ಬಹುವಚನ. ಗೋಪುರದ ಆಕಾರವೂ ಹಳೆಯದೇ, ಸ್ಪೇನಿನ ಪಾಲ್ಮಾ ಕೆಥೆಡ್ರಲ್‌ನಲ್ಲಿ 15ನೇ ಶತಮಾನದ ಅಂಥ ಜೋಡಿ ಇದೆ.

ಅಂಗಡಿಯವರು ಹೇಳಿದ ಹಾಗೆ ತಳಕ್ಕೆ ಬೆಸುಗೆ ಹಾಕಿಸಬೇಡಿ, ದಯವಿಟ್ಟು. ಮೊದಲು ಕೊಳವೆಯ ಅಂಚಿನಲ್ಲಿ ಬೆಳ್ಳಿ ಮುದ್ರೆ ಇದೆಯಾ ನೋಡಿ, ಫೋಟೋ ತೆಗೆಯಿರಿ. ಆಮೇಲೆ ಬರಹ. ಕೆಲವು ಅಕ್ಷರಗಳ ಮೇಲೆ ಚುಕ್ಕೆ ಇದ್ದರೆ ಅದು ಯಹೂದಿ ಪಂಚಾಂಗದ ಇಸವಿ ಇರಬಹುದು, ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆ ಇದೆ. ನಮ್ಮ ಇಸವಿ ಬೇಕಾದರೆ ಅವುಗಳ ಬೆಲೆ ಕೂಡಿಸಿ 1240 ಸೇರಿಸಿ. ತಾವ್ 400, ರೇಶ್ 200, ಸಾಮೆಖ್ 60, ಹೇ 5 ಇದ್ದರೆ 665, ಅಂದರೆ ಹೆಚ್ಚುಕಡಿಮೆ 1905. ಆದರೆ ಅದು ದಾನ ಕೊಟ್ಟ ವರ್ಷವೂ ಆಗಿರಬಹುದು, ವಸ್ತು ಇನ್ನೂ ಹಳೆಯದಿರಬಹುದು.

ಕಪ್ಪು ತೆಗೆಯಲು ಆತುರ ಬೇಡ. ಬೆಳ್ಳಿ ತೊಳೆಯುವ ದ್ರವದಲ್ಲಿ (ಡಿಪ್) ಮುಳುಗಿಸಿದರೆ ಅದು ಟೊಳ್ಳಿನೊಳಗೆ ನಿಂತುಬಿಡುತ್ತದೆ, ಚಿನ್ನದ ಲೇಪ ಇದ್ದರೆ ಜಾಸ್ತಿ ಉಜ್ಜಿದಾಗ ಹೋಗುತ್ತದೆ. ಒಣ ಹತ್ತಿ ಬಟ್ಟೆ ಸಾಕು. ನಾನು ಒರೆಸಿದ ಜೋಡಿಯಲ್ಲಿ ಗಂಟೆಯ ಕೊಂಡಿ ಕೂದಲಿನಷ್ಟು ಸವೆದಿತ್ತು, ಹಾಗಾಗಿ ಗಂಟೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಒರೆಸಿ. ಬಿದ್ದ ಗಂಟೆಗಳನ್ನು ಬಿಸಾಡಬೇಡಿ, ಜೊತೆಗೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ, ಬೆಳ್ಳಿ ಮತ್ತೆ ಕಪ್ಪಾಗುತ್ತದೆ.