ಓದುಗರ ಪ್ರಶ್ನೆ: ವಾರಕ್ಕೆ ಆರು ತಾಸಿನ ನೆಟ್‌ವರ್ಕ್ ವ್ಯಾಪಾರ

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ನನ್ನದು. ಡೈರೆಕ್ಟ್ ಸೆಲ್ಲಿಂಗ್ (ಅಂಗಡಿಯಿಲ್ಲದೆ ಸದಸ್ಯರ ಮೂಲಕ ನೇರವಾಗಿ ಮಾರುವ) ಕಂಪನಿಯೊಂದಕ್ಕೆ ಸೇರಿ ಎರಡು ತಿಂಗಳಾಯಿತು. ಸಾಬೂನು, ಟೂತ್‌ಪೇಸ್ಟ್, ಪ್ರೋಟೀನ್ ಪುಡಿ ಮಾರುತ್ತೇನೆ. ದಿನಾ ಮೂರು ತಾಸು ಕೊಡು, 25,000 ರೂಪಾಯಿಯ ಸ್ಟಾಕ್ ಇಟ್ಟುಕೊ ಎಂದು ಅಪ್‌ಲೈನ್, ಅಂದರೆ ನನ್ನನ್ನು ಸೇರಿಸಿದವರ ಒತ್ತಾಯ. ನೌಕರಿ ಬಿಡದೆ ಎಷ್ಟು ಮಾಡಬಹುದು?

ಉತ್ತರ: ಸ್ಟಾಕ್ ಬೇಡ. ಗಿರಾಕಿ ಹೇಳಿದ ಮೇಲೆ ಆರ್ಡರ್ ಹಾಕಿ. ಬೇಗ ಖರ್ಚಾಗುವ ಮೂರು-ನಾಲ್ಕು ಸಾಮಾನು ಮಾತ್ರ ಕೈಯಲ್ಲಿರಲಿ, ಅದೂ 3,000 ರೂಪಾಯಿಯ ಒಳಗೆ. 25,000ದ ಮಾಲಿನಲ್ಲಿ ಹೆಚ್ಚಿನದು ಪ್ರೋಟೀನ್ ಡಬ್ಬಿಯಂಥ ದುಬಾರಿ ವಸ್ತುವೇ ಆಗಿರುತ್ತದೆ. ಮಾರಾಟವಾಗದೆ ಅವಧಿ ಮುಗಿಯುವುದೂ ಅದೇ.

ಸಮಯದ ಲೆಕ್ಕ ವಾರಕ್ಕೆ ಆರು ತಾಸು: ಎರಡು ಸಂಜೆ ಒಂದೂವರೆ ತಾಸಿನಂತೆ, ಭಾನುವಾರ ಬೆಳಗ್ಗೆ ಮೂರು ತಾಸು. ರಾತ್ರಿ ಪಾಳಿಯ ವಾರದಲ್ಲಿ ಭಾನುವಾರದ್ದಷ್ಟೇ ಸಾಕು, ನಿದ್ದೆಗೆಟ್ಟು ಮೀಟಿಂಗಿಗೆ ಓಡಬೇಡಿ. ಭಾನುವಾರದ ತಿರುಗಾಟ ಒಂದೇ ದಿಕ್ಕಿಗಿರಲಿ. ಒಂದು ವಾರ ವಿದ್ಯಾನಗರದಿಂದ ಉಣಕಲ್‌ವರೆಗೆ, ಮುಂದಿನ ವಾರ ಕೇಶ್ವಾಪುರದ ಕಡೆ. ಒಂದು ಸಾಬೂನು ಮುಟ್ಟಿಸಲು ಊರ ಈ ತುದಿಯಿಂದ ಆ ತುದಿಗೆ ಹೋದರೆ ಲಾಭವೆಲ್ಲ ಪೆಟ್ರೋಲಿಗೇ ಹೋಗುತ್ತದೆ. ಹೋಗುವ ಮುಂಚೆ ಫೋನ್ ಮಾಡಿ, ಗುರುತಿನ ಚೀಟಿ ಜೊತೆಗಿರಲಿ. ಕೇಳದೆ, ಚೀಟಿ ಇಲ್ಲದೆ ಮನೆಗೆ ಹೋಗಬಾರದೆಂದು 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳೇ ಹೇಳುತ್ತವೆ.

ಒಂದು ನೋಟ್‌ಬುಕ್ ಮಾಡಿ: ಹೆಸರು, ವಸ್ತು, ಕೊಟ್ಟ ತಾರೀಖು, ಮುಗಿಯಬಹುದಾದ ತಾರೀಖು. ನಾಲ್ಕು ಮಂದಿಯ ಮನೆಯಲ್ಲಿ 150 ಗ್ರಾಂ ಪೇಸ್ಟ್ ಹೆಚ್ಚುಕಡಿಮೆ ತಿಂಗಳು ಬರುತ್ತದೆ. 25ನೇ ದಿನ ಕೇಳಿ. ಮೊದಲ ಸಲ ಕೊಳ್ಳುವವರು ಬಹುತೇಕ ಬಂಧುಗಳು, ಜೊತೆಯ ಕೆಲಸಗಾರರು; ಸಂಕೋಚಕ್ಕೆ ಕೊಳ್ಳುತ್ತಾರೆ. ಎರಡನೇ ಸಲ ನಿಮ್ಮ ಮುಖ ನೋಡಿ ಕೊಂಡಾರು. ಮೂರನೇ ಸಲ ತಾವಾಗಿ ಕೇಳಿದವರನ್ನು ಮಾತ್ರ ಗಿರಾಕಿ ಎಂದು ಎಣಿಸಿ.

ಇನ್ನು ಗಳಿಕೆ. ಉದಾಹರಣೆಗೆ ಇಂಥ 15 ಮನೆಗಳು, ತಿಂಗಳಿಗೆ ತಲಾ 600 ರೂಪಾಯಿ: 9,000ದ ವ್ಯಾಪಾರ. ಎಂಆರ್‌ಪಿಗೂ ಡಿಸ್ಟ್ರಿಬ್ಯೂಟರ್ ದರಕ್ಕೂ (ಕಂಪನಿ ನಿಮಗೆ ಕೊಡುವ ದರ) ಶೇ 20 ಅಂತರವಿದ್ದರೆ 1,800 ಸಿಗುತ್ತದೆ. ಪೆಟ್ರೋಲು 500, ಸ್ಯಾಂಪಲ್ 300, ಸಾಗಣೆ 100 ತೆಗೆದರೆ ಉಳಿಯುವುದು 900. ತಿಂಗಳ 24 ತಾಸಿಗೆ ಭಾಗಿಸಿದರೆ ತಾಸಿಗೆ 37 ರೂಪಾಯಿ 50 ಪೈಸೆ! ಕಂಪನಿ ಕೊಡುವ ಕಮಿಷನ್ ಇದಕ್ಕೆ ಹೆಚ್ಚುವರಿ. ಮೀಟಿಂಗಿನ ಪರದೆಯ ಮೇಲೆ ಈ ಲೆಕ್ಕ ಬರುವುದಿಲ್ಲ, ನೀವೇ ಪ್ರತಿ ತಿಂಗಳು ಬರೆದಿಡಬೇಕು. ಆರು ತಿಂಗಳಾದರೂ ತಾಸಿನ ಗಳಿಕೆ ಏರದಿದ್ದರೆ ಓವರ್‌ಟೈಮ್ ಮಾಡುವುದೇ ವಾಸಿ.

ಹೆಚ್ಚಿನವರು ಕೆಡುವುದು ತಿಂಗಳ ಕೊನೆಯ ವಾರ. ಸ್ಲ್ಯಾಬಿಗೆ, ಅಂದರೆ ಬೋನಸ್ ಸಿಗುವ ಹಂತಕ್ಕೆ, ಮಾಲಿನ ಮೇಲೆ ಬರುವ ಪಾಯಿಂಟ್ ನೂರು ಕಡಿಮೆ ಬಿತ್ತೆಂದು ಕೈಯಿಂದ 4,000 ಹಾಕಿ ಮಾಲು ಎತ್ತುತ್ತಾರೆ, 1,200 ಬೋನಸ್ ಬಂತೆಂದು ಖುಷಿಪಡುತ್ತಾರೆ. ಮಾಲು ಕಪಾಟಿನಲ್ಲಿ ಕೂತಿರುತ್ತದೆ, ಮುಂದಿನ ತಿಂಗಳು ಮತ್ತೆ ಅದೇ ಕೊರತೆ. ಗಿರಾಕಿಯ ಆರ್ಡರ್ ಇಲ್ಲದೆ ಪಾಯಿಂಟ್ ತುಂಬಿಸಬೇಡಿ, ಸ್ಲ್ಯಾಬ್ ಹೋದರೆ ಹೋಗಲಿ. ನಿಮ್ಮ ಕೆಳಗೆ ಹೊಸ ಮಾರಾಟಗಾರರನ್ನು ಸೇರಿಸುವ ಮಾತು 15 ಮನೆ ನಿಂತ ಮೇಲೆ. ಅದೂ ಮೂರು ತಿಂಗಳಿಗೊಬ್ಬರು. ಒಬ್ಬರಿಗೆ ಬಿಲ್ಲು, ಆರ್ಡರು, ನೋಟ್‌ಬುಕ್ ಕಲಿಸಲು ಅಷ್ಟು ಕಾಲ ಹಿಡಿಯುತ್ತದೆ.

ಪ್ರಶ್ನೆ: 11,000 ಕಟ್ಟಿ ಸೇರು, ಆರು ಮಂದಿಯನ್ನು ಸೇರಿಸು, ಅವರು ತಲಾ ಆರು ಮಂದಿಯನ್ನು ಸೇರಿಸುತ್ತಾರೆ ಎನ್ನುತ್ತಾರೆ ಒಂದು ಕಂಪನಿಯವರು. ನಂಬಬಹುದೆ? (ಗದಗ-ಬೆಟಗೇರಿ)

ಉತ್ತರ: ಗುಣಿಸಿ ನೋಡಿ: 6, 36, 216, 1,296, 7,776, 46,656. ಏಳನೇ ಹಂತಕ್ಕೆ 2,79,936. ಗದಗ-ಬೆಟಗೇರಿಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 1.72 ಲಕ್ಷ. ತೊಟ್ಟಿಲ ಕೂಸನ್ನು ಸೇರಿಸಿದರೂ ಸಾಲದು.

ಸೇರುವುದಕ್ಕೇ ಶುಲ್ಕ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. 2021ರ ಡಿಸೆಂಬರ್‌ನಲ್ಲಿ ಬಂದ ಗ್ರಾಹಕ ಸಂರಕ್ಷಣೆ (ಡೈರೆಕ್ಟ್ ಸೆಲ್ಲಿಂಗ್) ನಿಯಮಗಳು ಪಿರಮಿಡ್ ಯೋಜನೆಯನ್ನು, ಅಂದರೆ ಕೆಳಗೆ ಸೇರುವವರ ಹಣದಿಂದ ಮೇಲಿನವರು ಗಳಿಸುವ ಏರ್ಪಾಡನ್ನು, ನಿಷೇಧಿಸಿವೆ. ಜನರನ್ನು ಸೇರಿಸಿದ್ದಕ್ಕೆ ಹಣ ಹಂಚುವ ಮನಿ ಸರ್ಕ್ಯುಲೇಷನ್‌ಗೆ 1978ರಿಂದಲೇ ನಿಷೇಧವಿದೆ. ನಡೆಸುವವರಷ್ಟೇ ಅಲ್ಲ, ಸದಸ್ಯರನ್ನು ಸೇರಿಸಿದವರೂ ಸಿಕ್ಕಿಬೀಳುತ್ತಾರೆ. “ಶುಲ್ಕವಲ್ಲ, ಸೂಟಿಂಗ್ ಬಟ್ಟೆ ಕೊಡುತ್ತೇವಲ್ಲ” ಎಂದರೆ ಆ ಬಟ್ಟೆಯ ಬೆಲೆಯನ್ನು ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಅಂಗಡಿಯಲ್ಲಿ ವಿಚಾರಿಸಿ. ಸರಿಯಾದ ಕಂಪನಿಯಾದರೆ ಲಿಖಿತ ಕರಾರು ಕೊಡುತ್ತದೆ. ಅದರಲ್ಲಿ ಎರಡನ್ನು ಹುಡುಕಿ: ಮನಸ್ಸು ಬದಲಿಸಿ ಹೊರಬರಲು ಎಷ್ಟು ದಿನ, ಮಾರಾಟವಾಗದ ಮಾಲನ್ನು ಯಾವ ಷರತ್ತಿನ ಮೇಲೆ ವಾಪಸ್ ಕೊಳ್ಳುತ್ತಾರೆ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಪ್ರಶ್ನೆ: ನಮ್ಮ ಕಡೆ ಎಲ್ಲಾರೂ ಉದ್ರಿ ಕೇಳ್ತಾರ. ಮೆಣಸಿನಕಾಯಿ ಮಾರಿದ ಮ್ಯಾಲೆ ಕೊಡ್ತೀವಿ ಅಂತಾರ. ಏನ್ ಮಾಡೂದ್ರಿ? (ಬ್ಯಾಡಗಿ ತಾಲ್ಲೂಕು)

ಉತ್ತರ: ಕಂಪನಿಗೆ ನೀವು ಮೊದಲೇ ಹಣ ಕಟ್ಟಿರುತ್ತೀರಿ, ಆದ್ದರಿಂದ ಉದ್ರಿ ಎಂದರೆ ನಿಮ್ಮ ಕೈಸಾಲ. ಮನೆಗೆ ಒಂದೇ ವಸ್ತು ಉದ್ರಿ; ಅದು ತೀರುವ ತನಕ ಎರಡನೆಯದು ಇಲ್ಲ. ಒಟ್ಟು ಉದ್ರಿ 1,500 ದಾಟಬಾರದು. ದೊಡ್ಡ ಡಬ್ಬಿಗಳನ್ನು ಸುಗ್ಗಿಯಲ್ಲಿ ರೊಕ್ಕ ಓಡಾಡುವಾಗ ಮಾರಿ, ಮಳೆಗಾಲದಲ್ಲಿ ಸಾಬೂನು-ಪೇಸ್ಟಿಗೆ ನಿಲ್ಲಿ. ಸ್ವಸಹಾಯ ಸಂಘದ ಸಾಲ, ಭಿಶಿ (ಚೀಟಿ) ರೊಕ್ಕ ಎತ್ತಿ ಮಾಲು ತರಬೇಡಿ. ಸಂಘದ ಕಂತು ವಾರವಾರ ಬರುತ್ತದೆ, ಉದ್ರಿ ಬರುವುದಿಲ್ಲ.

ಪ್ರಶ್ನೆ: ನಾನು ಸರಕಾರಿ ಶಾಲೆಯ ಶಿಕ್ಷಕ. ಡಿಸ್ಟ್ರಿಬ್ಯೂಟರ್‌ಶಿಪ್ ಮನೆಯವರ ಹೆಸರಿನಲ್ಲಿದೆ. ಸಹೋದ್ಯೋಗಿಗಳಿಗೆ ನಾನು ಹೇಳಬಹುದೆ? (ರಾಣೆಬೆನ್ನೂರು)

ಉತ್ತರ: ಹೇಳಬಾರದು. ಸರಕಾರಿ ನೌಕರರ ನಡತೆ ನಿಯಮಗಳ ಪ್ರಕಾರ ಹೆಂಡತಿಯ ಕಮಿಷನ್ ಏಜೆನ್ಸಿಗೆ ಗಿರಾಕಿ ಹುಡುಕಿಕೊಡುವುದೂ ನಿಯಮಭಂಗವೇ. ಅವರು ವ್ಯಾಪಾರ ಮಾಡಲು ಅಡ್ಡಿಯಿಲ್ಲ, ಆದರೆ ಇಲಾಖೆಗೆ ನೀವು ಲಿಖಿತವಾಗಿ ತಿಳಿಸಬೇಕು. ಸ್ಟಾಫ್ ರೂಮಿನಲ್ಲಿ ಕ್ಯಾಟಲಾಗ್ ಇಡುವುದು, ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕುವುದು ಎರಡೂ ಬೇಡ.

ಪ್ರಶ್ನೆ: ಈ ಪುಡಿಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬ ವಿಡಿಯೊವನ್ನು ಸ್ಟೇಟಸ್‌ಗೆ ಹಾಕಲು ಅಪ್‌ಲೈನ್ ಕಳಿಸುತ್ತಾರೆ. ತಪ್ಪೇ? (ಧಾರವಾಡ)

ಉತ್ತರ: ತಪ್ಪು. ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್ ವಾಸಿಮಾಡುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ, ಸ್ಟೇಟಸ್ ಹಾಕಿದವರು ನೀವೇ ಆಗುತ್ತೀರಿ. ಅದಕ್ಕಿಂತ ದೊಡ್ಡ ಅಪಾಯ, ನಂಬಿದವರು ಮಾತ್ರೆ ಬಿಡುತ್ತಾರೆ. ಡಬ್ಬಿಯ ಮೇಲೆ ಅಚ್ಚಾದದ್ದನ್ನಷ್ಟೇ ಹೇಳಿ. ಕಾಯಿಲೆಯ ಬಗ್ಗೆ ಕೇಳಿದರೆ ಡಬ್ಬಿಯನ್ನು ತಮ್ಮ ಡಾಕ್ಟರಿಗೆ ತೋರಿಸಿ ಬರಲು ಹೇಳಿ, ಆ ದಿನ ಮಾರಬೇಡಿ.