ಕಥೆ ಓದುವುದೂ ಒಂದು ಕೆಲಸವೇ?

ಸಾಗರದಿಂದ ಪತ್ರ ಬರೆದ ನಿವೃತ್ತ ಮೇಷ್ಟ್ರೇ, ನಮಸ್ಕಾರ.

ನಿಮ್ಮ ದೀರ್ಘ ಪತ್ರವನ್ನು ಇಡಿಯಾಗಿ ಅಚ್ಚುಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಸಾರಾಂಶವನ್ನಷ್ಟೇ ಹೇಳುತ್ತೇನೆ. ನಿಮ್ಮ ಮಗಳು ಬಿ.ಎಸ್ಸಿ. ಮುಗಿಸಿದ್ದಾರೆ. ಬ್ಯಾಂಕ್ ಪರೀಕ್ಷೆಗೆ ಕೂರು ಎಂದರೆ ಒಲ್ಲೆ ಎನ್ನುತ್ತಾರೆ. ವಿಜ್ಞಾನ ಕಥೆ, ಫ್ಯಾಂಟಸಿ ಕಥೆಗಳ ಸಂಪಾದಕಿಯಾಗುತ್ತೇನೆ, ಇಂಗ್ಲಿಷ್‌ನಲ್ಲಿ ಅದೊಂದು ಬೇರೆಯೇ ವೃತ್ತಿ ಎಂದು ಹಟ ಹಿಡಿದಿದ್ದಾರೆ. "ಬರೆಯುವವನು ಲೇಖಕ, ಓದುವವನು ಓದುಗ, ಅಚ್ಚುಹಾಕುವವನು ಮುದ್ರಕ. ನಡುವೆ ಕುಳಿತವನು ಮಾಡುವುದೇನು? ಕಥೆ ಓದುವುದೂ ಒಂದು ಕೆಲಸವೇ?" ಎಂದು ಕೇಳಿದ್ದೀರಿ. ಸಾಲದ್ದಕ್ಕೆ, ಈಗ ಯಂತ್ರವೇ ಕಥೆ ಬರೆಯುತ್ತದೆ, ನಾಳೆ ಅದೇ ಓದುತ್ತದೆ ಎಂದು ಒಂದು ಕೊಕ್ಕೆಯನ್ನೂ ಹಾಕಿದ್ದೀರಿ. ನಡುವೆ ಕುಳಿತವರ ಜಾತಿಗೇ ಸೇರಿದ ನನಗೆ ಸುಮ್ಮನಿರಲಾಗಲಿಲ್ಲ.

ಬಂದ ಕಥೆಗಳಲ್ಲಿ ಚೆನ್ನಾಗಿರುವುದನ್ನು ಆರಿಸುವವನೇ ಸಂಪಾದಕ ಎಂದು ನೀವು ಭಾವಿಸಿದಂತಿದೆ. ಆರಿಸುವುದು ಈ ಕೆಲಸದ ಸಣ್ಣ ಪಾಲು. ಯಾರೂ ಇನ್ನೂ ಬರೆಯದ ಕಥೆಯನ್ನು ಬರೆಸುವುದು ದೊಡ್ಡ ಪಾಲು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ನ್ಯೂಯಾರ್ಕಿನ ಜಾನ್ ಡಬ್ಲ್ಯು. ಕ್ಯಾಂಬೆಲ್. ನಾನೂ ಅವರನ್ನೇ ಹಿಡಿಯುತ್ತೇನೆ. ಈ ಕಸುಬಿನ ಒಳಿತೂ ಕೆಡುಕೂ ಇಷ್ಟು ದಟ್ಟವಾಗಿ ಒಬ್ಬರಲ್ಲೇ ಸಿಗುವುದು ಅಪರೂಪ. 1937ರ ಕೊನೆಯಲ್ಲಿ, 27ನೆಯ ವಯಸ್ಸಿಗೆ, ಕ್ಯಾಂಬೆಲ್ 'ಅಸ್ಟೌಂಡಿಂಗ್' ಎಂಬ ವಿಜ್ಞಾನ ಕಥೆಗಳ ಮಾಸಪತ್ರಿಕೆಯ ಸಂಪಾದಕರಾದರು. 1971ರಲ್ಲಿ ಸಾಯುವ ತನಕ ಅದೇ ಕುರ್ಚಿಯಲ್ಲಿದ್ದರು. (ಪತ್ರಿಕೆ 'ಅನಲಾಗ್' ಎಂಬ ಹೆಸರಿನಲ್ಲಿ ಇಂದಿಗೂ ಬರುತ್ತಿದೆ.) ಅದಕ್ಕೆ ಮೊದಲು ಸ್ವತಃ ಹೆಸರು ಮಾಡಿದ ಕಥೆಗಾರ. ಕುರ್ಚಿಗೆ ಬಂದ ಮೇಲೆ ಸ್ವಂತ ಕಥೆಗಳನ್ನು ಹೆಚ್ಚುಕಡಿಮೆ ನಿಲ್ಲಿಸಿ, ತಲೆಗೆ ಹೊಳೆದದ್ದನ್ನೆಲ್ಲ ಎದುರಿಗೆ ಬಂದು ಕುಳಿತವರಿಗೆ ಹಂಚತೊಡಗಿದರು.

1938ರ ಜೂನ್‌ನಲ್ಲಿ ಹಾಗೆ ಬಂದು ಕುಳಿತವನು ಬ್ರೂಕ್ಲಿನ್‌ನ ಮಿಠಾಯಿ ಅಂಗಡಿಯವರ ಮಗ, 18 ವರ್ಷದ ಐಸಾಕ್ ಅಸಿಮೋವ್, ಮುಂದೆ ವಿಜ್ಞಾನ ಕಥೆಯ ದೊಡ್ಡ ಹೆಸರು. ಅಂಚೆಗೆ ಹಾಕುವ ಬದಲು ತನ್ನ ಮೊದಲ ಕಥೆಯನ್ನು ಕೈಯಲ್ಲಿ ಹಿಡಿದು ರೈಲು ಹತ್ತಿ ಬಂದಿದ್ದ. ಕ್ಯಾಂಬೆಲ್ ಹುಡುಗನನ್ನು ಕೂರಿಸಿಕೊಂಡು ಒಂದು ಗಂಟೆಗೂ ಹೆಚ್ಚು ಹೊತ್ತು ಮಾತಾಡಿದರು. ಕೆಲವೇ ದಿನಗಳಲ್ಲಿ ಕಥೆ ವಾಪಸು ಹೋಯಿತು, ಎರಡು ಪುಟದ ಪತ್ರದೊಂದಿಗೆ. ಆಮೇಲೂ ಒಂದಾದ ಮೇಲೊಂದು ಕಥೆ ತಿರಸ್ಕೃತವಾಗಿ, ಕೊನೆಗೆ 1939ರ ಜುಲೈ ಸಂಚಿಕೆಯಲ್ಲಿ ಒಂದು ಅಚ್ಚಾಯಿತು. ಆ ಒಂದು ವರ್ಷ ಕ್ಯಾಂಬೆಲ್ ಮಾಡುತ್ತಿದ್ದದ್ದನ್ನು ನೀವು ಏನೆಂದು ಕರೆಯುತ್ತೀರಿ? ಓದುವುದು ಎಂದು ಹೇಳಿದರೆ ಅರ್ಧ ಹೇಳಿದಂತೆ. ಅಚ್ಚಿಗೆ ಯೋಗ್ಯವಲ್ಲದ ಕಥೆಯ ಲೇಖಕನಿಗೆ ಎರಡು ಪುಟ ಬರೆಯುವ ಹೊತ್ತಿಗೆ ಯಾರೂ ಸಂಬಳ ಲೆಕ್ಕ ಹಾಕುವುದಿಲ್ಲ.

1941ರ ಮಾರ್ಚ್‌ನಲ್ಲಿ ಅದೇ ಕೋಣೆಯಲ್ಲಿ ಕ್ಯಾಂಬೆಲ್, ಅಮೆರಿಕದ ಚಿಂತಕ ಎಮರ್ಸನ್‌ನ ಒಂದು ವಾಕ್ಯವನ್ನು ಅಸಿಮೋವ್‌ಗೆ ಓದಿ ಹೇಳಿದರು. ನಕ್ಷತ್ರಗಳು ಸಾವಿರ ವರ್ಷಕ್ಕೊಂದು ರಾತ್ರಿ ಮಾತ್ರ ಕಾಣಿಸಿಕೊಂಡರೆ ಮನುಷ್ಯರು ಅವುಗಳನ್ನು ಹೇಗೆ ಆರಾಧಿಸಿಯಾರು ಎಂಬ ಅರ್ಥದ ಮಾತು ಅದು. ಆರಾಧನೆ ಎಲ್ಲಿಯದು, ಹುಚ್ಚು ಹಿಡಿಯುತ್ತದೆ ಎಂಬುದು ಕ್ಯಾಂಬೆಲ್ ವಾದ. ಹೋಗಿ ಅದನ್ನೇ ಬರೆ ಎಂದರು. 'ನೈಟ್‌ಫಾಲ್' ಹುಟ್ಟಿದ್ದು ಹೀಗೆ. ಆರು ಸೂರ್ಯರ ಬೆಳಕಿನಲ್ಲಿ ಕತ್ತಲೆಯನ್ನೇ ಕಾಣದ ಜನರ ಗ್ರಹಕ್ಕೆ ಸುಮಾರು ಎರಡು ಸಾವಿರ ವರ್ಷಕ್ಕೊಮ್ಮೆ ಬರುವ ರಾತ್ರಿಯ ಕಥೆ. ಪದಕ್ಕೆ ಒಂದು ಸೆಂಟ್ ರೂಢಿಯಾಗಿದ್ದ ಕಾಲದಲ್ಲಿ ಅದಕ್ಕೆ ಒಂದೂಕಾಲು ಸೆಂಟ್ ಕೊಟ್ಟರು.

ಈ ಕಥೆಯನ್ನು ಎಲ್ಲ ಸಂಪಾದಕರೂ ಮೀಸೆ ತಿರುವಿಕೊಂಡು ಹೇಳುತ್ತಾರೆ. ಅದರ ಬಾಲವನ್ನು ಮಾತ್ರ ಬಿಟ್ಟುಬಿಡುತ್ತಾರೆ. ಪ್ರಕಟವಾದ 'ನೈಟ್‌ಫಾಲ್' ಕೊನೆಯ ಹೊತ್ತಿಗೆ ಒಂದು ಪ್ಯಾರಾ ಬರುತ್ತದೆ. ಅದು ಅಸಿಮೋವ್ ಬರೆದದ್ದಲ್ಲ, ಕ್ಯಾಂಬೆಲ್ ಸೇರಿಸಿದ್ದು. ಅದರಲ್ಲಿ ಭೂಮಿಯಿಂದ ಕಾಣುವ ನಕ್ಷತ್ರಗಳೊಂದಿಗೆ ಹೋಲಿಕೆ ಇದೆ. ಆ ಕಥೆಯೊಳಗಿನವರಿಗೆ ಭೂಮಿ ಎಂಬುದೊಂದಿದೆ ಎಂದೇ ಗೊತ್ತಿಲ್ಲ! ಲೇಖಕ ಎಚ್ಚರದಿಂದ ಹೊರಗಿಟ್ಟಿದ್ದನ್ನು ಸಂಪಾದಕ ಒಂದು ಏಟಿಗೆ ಒಳಗೆ ತಂದರು. ಅಸಿಮೋವ್ ಕಾವ್ಯಮಯವಾಗಿಯೂ ಬರೆಯಬಲ್ಲರು ಎಂಬುದಕ್ಕೆ ವಿಮರ್ಶಕರು ಎತ್ತಿ ತೋರಿಸಿದ್ದು ಅದೇ ಪ್ಯಾರಾವನ್ನು. ಲೇಖಕರಿಗೆ ಎಷ್ಟು ಉರಿದಿರಬೇಡ! ಬರೆಸುವ ಕೈಗೆ ಬರೆಯುವ ಚಪಲವೂ ಇರುತ್ತದೆ. ಅದನ್ನು ಕಟ್ಟಿಹಾಕುವುದು ಈ ವೃತ್ತಿಯ ನಿತ್ಯದ ವ್ರತ, ಮತ್ತು ದೊಡ್ಡವರೇ ಅದನ್ನು ಮುರಿಯುತ್ತಾರೆ.

1954ರಲ್ಲಿ ಟಾಮ್ ಗಾಡ್ವಿನ್ ಎಂಬವರ 'ದಿ ಕೋಲ್ಡ್ ಈಕ್ವೇಶನ್ಸ್' ಬಂತು. ಔಷಧಿ ಹೊತ್ತ ಪುಟ್ಟ ಬಾಹ್ಯಾಕಾಶ ನೌಕೆ, ಅಳೆದು ತುಂಬಿದ ಇಂಧನ. ಅಣ್ಣನನ್ನು ನೋಡುವ ಆಸೆಗೆ ಕದ್ದು ಹತ್ತಿ ಕುಳಿತ ಒಬ್ಬ ಹುಡುಗಿ. ಅವಳ ತೂಕ ಸೇರಿದರೆ ನೌಕೆ ಇಳಿಯುವುದಿಲ್ಲ, ಔಷಧಿಗೆ ಕಾದವರು ಉಳಿಯುವುದಿಲ್ಲ. ಗಾಡ್ವಿನ್ ಏನಾದರೊಂದು ಉಪಾಯ ಹೂಡಿ ಹುಡುಗಿಯನ್ನು ಬದುಕಿಸುತ್ತಿದ್ದರು. ಕ್ಯಾಂಬೆಲ್ ಕಥೆಯನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ಮೂರು ಬಾರಿ ಹೀಗಾದ ಮೇಲೆ ಹುಡುಗಿ ಸತ್ತಳು, ಕಥೆ ಅಚ್ಚಾಯಿತು, ಪ್ರಸಿದ್ಧವಾಯಿತು. ನಿಸರ್ಗದ ನಿಯಮಕ್ಕೆ ಕರುಣೆಯಿಲ್ಲ ಎಂದು ಓದಿದವರೆಲ್ಲ ನಿಟ್ಟುಸಿರು ಬಿಟ್ಟರು. ಇಂಧನದಲ್ಲಿ ಒಂದಿಷ್ಟೂ ಹೆಚ್ಚುವರಿ ಇಲ್ಲದಂತೆ ನೌಕೆ ಕಟ್ಟಿದ ಎಂಜಿನಿಯರ್ ಯಾರು, ಬಾಗಿಲಿಗೆ ಒಂದು ಬೀಗವನ್ನೂ ಹಾಕದವರು ಯಾರು ಎಂದು ಅನಂತರದ ಓದುಗರು ಕೇಳಿದರು. ಭೌತಶಾಸ್ತ್ರ ಕಲಿಸಿದ ನೀವೂ ಕೇಳುತ್ತೀರಿ. ನನ್ನ ಅಭಿಪ್ರಾಯದಲ್ಲಿ ಆ ಹುಡುಗಿಯನ್ನು ಕೊಂದದ್ದು ನಿಸರ್ಗವಲ್ಲ, ಸಂಪಾದಕ. ಆದರೂ ಅವಳು ಬದುಕಿದ ಕಥೆಯನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು.

ಕ್ಯಾಂಬೆಲ್ ಬಗ್ಗೆ ಪುಸ್ತಕಗಳಿವೆ. ಕೇ ಟಾರಂಟ್ ಬಗ್ಗೆ ಎಷ್ಟು ಜನಕ್ಕೆ ಗೊತ್ತು? ಮೂರು ದಶಕಕ್ಕೂ ಹೆಚ್ಚು ಕಾಲ ಅದೇ ಪತ್ರಿಕೆಯ ಸಹಾಯಕ ಸಂಪಾದಕಿ. ಕ್ಯಾಂಬೆಲ್ ಮನೆಯಲ್ಲಿ ಹಸ್ತಪ್ರತಿ ಓದುತ್ತ, ಮಾರುದ್ದದ ಪತ್ರ ಕುಟ್ಟುತ್ತ ಕುಳಿತಿದ್ದಾಗ ಕಚೇರಿಯಲ್ಲಿದ್ದು ಪ್ರತಿ ತಿದ್ದಿ, ಕರಡು ನೋಡಿ, ಸಂಚಿಕೆಯನ್ನು ಹೊತ್ತಿಗೆ ಸರಿಯಾಗಿ ಮುದ್ರಣಕ್ಕೆ ಕಳುಹಿಸುತ್ತಿದ್ದವರು ಅವರು. ಪೋಲಿ ಮಾತುಗಳಿಗೆ ಅವರ ಪೆನ್ಸಿಲ್ ಯಮನಾಗಿತ್ತು. ಆ ಪೆನ್ಸಿಲ್ ತಪ್ಪಿಸಿ ಒಂದಾದರೂ ತುಂಟ ಮಾತನ್ನು ಅಚ್ಚಿಗೆ ದಾಟಿಸುವುದು ಲೇಖಕರಿಗೆ ಒಂದು ಆಟವೇ ಆಗಿತ್ತು. ನಿಮ್ಮ ಮಗಳು ಕ್ಯಾಂಬೆಲ್ ಆಗುವ ಕನಸು ಕಾಣುತ್ತಿದ್ದರೆ ಕಾಣಲಿ. ದಿನದ ಬಹುಪಾಲು ಅವರು ಮಾಡಬೇಕಾಗುವುದು ಟಾರಂಟ್ ಕೆಲಸ. ಕಥೆಯ ಮೂರನೆಯ ಪುಟದಲ್ಲಿ ಗ್ರಹಕ್ಕೆ ಎರಡು ಚಂದ್ರರಿದ್ದು ಹದಿನೆಂಟನೆಯ ಪುಟದಲ್ಲಿ ಒಂದೇ ಉಳಿದಿದ್ದರೆ, ಕಳೆದುಹೋದ ಚಂದ್ರನನ್ನು ಹುಡುಕಬೇಕಾದವರು ಅವರೇ. ಸಾಮಾಜಿಕ ಕಥೆ ತಿದ್ದುವವರಿಗೆ ಈ ತಲೆನೋವಿಲ್ಲ. ಸಾಗರದಲ್ಲಿ ಎಷ್ಟು ಚಂದ್ರರೆಂದು ಎಲ್ಲರಿಗೂ ಗೊತ್ತು.

ವಿಜ್ಞಾನದ ಕಡೆಯಿಂದಲೂ ಪೆಟ್ಟು ಬೀಳುವುದುಂಟು. 1944ರ ಮಾರ್ಚ್ ಸಂಚಿಕೆಯಲ್ಲಿ ಕ್ಲೀವ್ ಕಾರ್ಟ್‌ಮಿಲ್ ಅವರ ಕಥೆಯೊಂದು ಯುರೇನಿಯಂ-235ರ ಬಾಂಬನ್ನು ವಿವರಿಸಿತು. ಮಾಹಿತಿ ಒದಗಿಸಿದವರು ಕ್ಯಾಂಬೆಲ್. ಗುಟ್ಟಾಗಿ ಅಂಥದ್ದೇ ಬಾಂಬ್ ಕಟ್ಟುತ್ತಿದ್ದ ಸರ್ಕಾರದ ಗುಪ್ತಚರರು ಕಚೇರಿಗೇ ಬಂದರು. ಎಲ್ಲವೂ ಯುದ್ಧಕ್ಕೆ ಮುಂಚೆ ಪ್ರಕಟವಾಗಿದ್ದ ವಿಜ್ಞಾನ ಪತ್ರಿಕೆಗಳಲ್ಲಿ ಇದ್ದದ್ದೇ ಎಂದು ಹೇಳಿ ಕ್ಯಾಂಬೆಲ್ ಆ ಗುಪ್ತಚರರನ್ನು ಸಾಗಹಾಕಿದರು. ಇದೇ ಮನುಷ್ಯ 1950ರಲ್ಲಿ ಡಯನೆಟಿಕ್ಸ್ ಎಂಬ ಹುಸಿ ಮನೋವಿಜ್ಞಾನವನ್ನು ಅದೇ ಪತ್ರಿಕೆಯಲ್ಲಿ ತಲೆಯ ಮೇಲೆ ಹೊತ್ತು ಮೆರೆಸಿದರು. ಬಾಂಬ್ ಲೆಕ್ಕ ಹಿಡಿದ ಕಣ್ಣಿಗೆ ಅದು ಕಾಣಲಿಲ್ಲ.

ಕಾಣದ್ದು ಅದೊಂದೇ ಅಲ್ಲ. ಕಪ್ಪು ಜನಾಂಗದ ಲೇಖಕ ಸ್ಯಾಮ್ಯುಯಲ್ ಡೆಲಾನಿಯವರ 'ನೋವಾ' ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕಲು ಕ್ಯಾಂಬೆಲ್ ಒಪ್ಪಲಿಲ್ಲ. ಕಪ್ಪು ಬಣ್ಣದ ನಾಯಕನನ್ನು ತಮ್ಮ ಓದುಗರು ಸ್ವೀಕರಿಸಲಾರರು ಎಂದು ಏಜೆಂಟರಿಗೆ ಫೋನ್ ಮಾಡಿ ಹೇಳಿದರೆಂದು ಡೆಲಾನಿ ಬರೆದಿದ್ದಾರೆ. ಓದುಗರ ಹೆಸರಿನಲ್ಲಿ ಸ್ವಂತ ಸಂಕುಚಿತತನ ಚಲಾಯಿಸುವುದು ಸಂಪಾದಕರಿಗೆ ಬಲು ಸುಲಭ. ಹೊಸ ಲೇಖಕರಿಗೆ ಕ್ಯಾಂಬೆಲ್ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿಯಿಂದ 2019ರಲ್ಲಿ ಆ ಹೆಸರನ್ನು ತೆಗೆದುಹಾಕಲಾಯಿತು. ತೆಗೆದದ್ದು ಸರಿ.

ಪುಸ್ತಕ ಪ್ರಕಾಶನದ ಕಡೆ ಹೋದರೆ ಕೆಲಸದ ಚಹರೆಯೇ ಬೇರೆ. ಜೂಡಿ-ಲಿನ್ ಡೆಲ್ ರೇ ಅವರನ್ನು ನೋಡಿ. ಹುಟ್ಟಿನಿಂದ ಕುಬ್ಜ ದೇಹ. 1965ರಲ್ಲಿ 'ಗ್ಯಾಲಕ್ಸಿ' ಪತ್ರಿಕೆಯ ಕೆಳಗಿನ ಮೆಟ್ಟಿಲಲ್ಲಿ ಸೇರಿ, 1973ರಲ್ಲಿ ಬ್ಯಾಲಂಟೈನ್ ಪ್ರಕಾಶನಕ್ಕೆ ಬಂದರು. 'ಸ್ಟಾರ್ ವಾರ್ಸ್' ಸಿನಿಮಾ ತೆರೆಗೆ ಬಂದದ್ದು 1977ರ ಮೇ ತಿಂಗಳಲ್ಲಿ. ಅದರ ಕಾದಂಬರಿ ರೂಪ ಅವರ ಪ್ರಕಾಶನದಿಂದ ಆರು ತಿಂಗಳು ಮೊದಲೇ ಅಂಗಡಿಗೆ ಬಂದಿತ್ತು, ಆ ಸಿನಿಮಾ ಓಡುತ್ತದೆಂದು ಹೆಚ್ಚಿನವರು ನಂಬದಿದ್ದಾಗ. ಅದೇ ವರ್ಷ ಡೆಲ್ ರೇ ಹೆಸರಿನ ಪ್ರತ್ಯೇಕ ಪ್ರಕಾಶನ ವಿಭಾಗವೇ ಶುರುವಾಯಿತು. ಗಂಡ ಲೆಸ್ಟರ್ ಫ್ಯಾಂಟಸಿ ನೋಡಿಕೊಂಡರು. ಹಕ್ಕು ಕೊಳ್ಳುವುದು, ಮುಖಪುಟಕ್ಕೆ ಜಗಳವಾಡುವುದು, ಓದದ ಪುಸ್ತಕವನ್ನು ಮಾರಬೇಕಾದವರಿಗೆ ಅದರ ರುಚಿ ಹತ್ತಿಸುವುದು: ಪುಸ್ತಕದ ಸಂಪಾದಕಿಯ ಹಗಲು ಹೀಗೆ ಕಳೆಯುತ್ತದೆ, ಹಸ್ತಪ್ರತಿ ಓದುವುದು ರಾತ್ರಿಗೆ. 1986ರಲ್ಲಿ ಅವರು ತೀರಿಕೊಂಡ ಮೇಲೆ ವಿಜ್ಞಾನ ಕಥಾಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಆ ವರ್ಷ ಅವರಿಗೆ ಘೋಷಣೆಯಾಯಿತು. ಸತ್ತರೆಂಬ ಕಾರಣಕ್ಕೆ ಕೊಡುವ ಪ್ರಶಸ್ತಿಯನ್ನು ಆಕೆ ಒಪ್ಪುತ್ತಿರಲಿಲ್ಲ ಎಂದು ಲೆಸ್ಟರ್ ನಿರಾಕರಿಸಿದರು. ಈ ದಂಪತಿಗಳ ಕೆಲವು ಫ್ಯಾಂಟಸಿ ಪುಸ್ತಕಗಳು ನನಗೆ ಸೇರುವುದಿಲ್ಲ, ಆದರೆ ಆ ನಿರಾಕರಣೆಗೆ ಕೈಮುಗಿಯುತ್ತೇನೆ.

ಇನ್ನು ನಿಮ್ಮ ಯಂತ್ರದ ಮಾತು. ಕೇಳದೆ ಬಂದು ಬೀಳುವ ಕಥೆಗಳ ರಾಶಿ ಈ ಪತ್ರಿಕೆಗಳ ಜೀವನಾಡಿ. ಹೊಸಬರು ಬರುವುದು ಅಲ್ಲಿಂದಲೇ. 2023ರ ಫೆಬ್ರವರಿಯಲ್ಲಿ 'ಕ್ಲಾರ್ಕ್ಸ್‌ವರ್ಲ್ಡ್' ಪತ್ರಿಕೆಯ ನೀಲ್ ಕ್ಲಾರ್ಕ್ ಆ ಬಾಗಿಲನ್ನೇ ಮುಚ್ಚಬೇಕಾಯಿತು. 20ನೆಯ ತಾರೀಖಿನ ಹೊತ್ತಿಗೆ ಮನುಷ್ಯರು ಬರೆದ ಸುಮಾರು 700 ಕಥೆಗಳ ಜೊತೆ ಯಂತ್ರ ಹೆಣೆದ ಸುಮಾರು 500 ಕಥೆಗಳು ಬಂದು ಬಿದ್ದಿದ್ದವು. ಕಳುಹಿಸಿದವರಲ್ಲಿ ಹೆಚ್ಚಿನವರು ಆ ಪತ್ರಿಕೆಯ ಓದುಗರೇ ಅಲ್ಲ. ಸುಲಭವಾಗಿ ಹಣ ಮಾಡುವ ದಾರಿ ತೋರಿಸುವವರ ಮಾತು ಕೇಳಿ ಬಂದವರು. 'ಅಸಿಮೋವ್ಸ್' ಪತ್ರಿಕೆಗೆ 'ಕೊನೆಯ ಭರವಸೆ' ಎಂಬ ಒಂದೇ ಶೀರ್ಷಿಕೆಯ ಕಥೆಗಳು ಇಪ್ಪತ್ತಕ್ಕೂ ಹೆಚ್ಚು ಬಂದವಂತೆ! ಯಂತ್ರ ಬಂದು ಸಂಪಾದಕರ ಕೆಲಸ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ಮುಂದಿನ ತಿಂಗಳು ಬಾಗಿಲು ಮತ್ತೆ ತೆರೆಯಿತು.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಫ್ರೆಡರಿಕ್ ಪೋಲ್ 1939ರಲ್ಲಿ 19ರ ಹರೆಯಕ್ಕೇ ಎರಡು ಪತ್ರಿಕೆಗಳ ಸಂಪಾದಕರಾದಾಗ ವಾರಕ್ಕೆ 10 ಡಾಲರ್ ಕೊಡುತ್ತಿದ್ದರು. ಇಂದಿನ ಸ್ಥಿತಿಯೂ ಕೊಬ್ಬಿದ್ದೇನಲ್ಲ. ನೀಲ್ ಕ್ಲಾರ್ಕ್ ಪತ್ರಿಕೆ ಶುರುಮಾಡಿದ್ದು 2006ರಲ್ಲಿ. ಬಹಳ ವರ್ಷ ಹಗಲು ಬೇರೆ ಉದ್ಯೋಗ ಮಾಡುತ್ತಲೇ ಅದನ್ನು ನಡೆಸಿದರು. 2000ದಲ್ಲಿ ಆರಂಭವಾದ 'ಸ್ಟ್ರೇಂಜ್ ಹೊರೈಜನ್ಸ್' ಪತ್ರಿಕೆ ಲೇಖಕರಿಗೆ ಸಂಭಾವನೆ ಕೊಡುತ್ತದೆ, ಸಂಪಾದಕರು ಸ್ವಯಂಸೇವಕರು. ಹಾಗಾಗಿ ಬ್ಯಾಂಕ್ ಪರೀಕ್ಷೆ ಬೇಡ ಎಂದು ಹೇಳುವ ಧೈರ್ಯ ನನಗಿಲ್ಲ. ಎರಡೂ ಜೊತೆಗೆ ನಡೆಯುತ್ತವೆ, ನಡೆಸಿದವರಿದ್ದಾರೆ. ಇಂಥ ಪತ್ರಿಕೆಗಳು ರಾಶಿಯ ಮೊದಲ ಓದಿಗೆ ಆಗಾಗ ಜನರನ್ನು ಕರೆಯುತ್ತವೆ. ಸಾಗರದಲ್ಲಿ ಕುಳಿತೇ ಮಾಡಬಹುದಾದ ಕೆಲಸ ಅದು.

ಅದಕ್ಕೂ ಮೊದಲು ನಿಮ್ಮ ಮಗಳಿಂದ ನನಗೊಂದು ಬರಹ ಬೇಕು. ತಮಗೆ ಇಷ್ಟವಾಗಿಯೂ ಎಲ್ಲೋ ಎಡವಿದೆ ಅನಿಸಿದ ಒಂದು ವಿಜ್ಞಾನ ಕಥೆಯನ್ನು ಆರಿಸಿಕೊಂಡು, ಅದರ ಲೇಖಕರಿಗೆ ಎಂಬಂತೆ ಎರಡು ಪುಟದ ಪತ್ರ ಬರೆಯಲಿ. ಎಲ್ಲಿ ಎಡವಿದೆ ಎಂದು ಹೇಳಿದರೆ ಸಾಕು, ತಾವೇ ತಿದ್ದಿ ಬರೆಯುವುದು ಬೇಡ. ಮುಂದಿನ ತಿಂಗಳ ಹತ್ತರೊಳಗೆ ಕಚೇರಿಯ ವಿಳಾಸಕ್ಕೆ ಕಳುಹಿಸಿದರೆ ಓದಿ ಉತ್ತರ ಬರೆಯುತ್ತೇನೆ.

ಸಂಪಾದಕ